ಹಾಸಿಗೆ ಹಿಡಿದ ಮಗುವಿನ ಕೈಗೆ ಆಟ ಬಂದ ಕಥೆ

ಕಾಯಿಲೆ ಬಿದ್ದವರನ್ನು ನೋಡಿಕೊಂಡು ಬರುವುದು ನಮ್ಮಲ್ಲಿ ಬರೀ ಸೌಜನ್ಯವಲ್ಲ, ಅದೊಂದು ಕರ್ತವ್ಯ. 'ಇಯಾದತ್' ಎನ್ನುತ್ತೇವೆ. ಕಿತ್ತಳೆಯನ್ನೋ ಮೂಸಂಬಿಯನ್ನೋ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋಗುತ್ತೇವೆ. ಮಲಗಿರುವವರು ದೊಡ್ಡವರಾದರೆ ಅವರೊಡನೆಯೇ ಮಾತನಾಡುತ್ತೇವೆ. ಮಗುವಾದರೆ? ಹಣೆಯ ಮೇಲೆ ಕೈಯಿಟ್ಟು ದುಆ ಮಾಡಿ, ಆಮೇಲೆ ಅದರ ತಲೆಯ ಮೇಲಿನಿಂದಲೇ ತಾಯಿಯೊಡನೆ ಮಾತು ಶುರು. "ಡಾಕ್ಟರು ಏನಂದರು? ಊಟ ಸೇರುತ್ತದೆಯೇ? ಇದುವರೆಗೆ ಎಷ್ಟು ಖರ್ಚಾಯಿತು?" ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಕೇಳಿಸಿಕೊಳ್ಳದಿರಲು ಅದಕ್ಕಿರುವುದು ಒಂದೇ ದಾರಿ, ದಿಂಬಿನ ಕೆಳಗಿರುವ ಮೊಬೈಲು. ಅದು ಹೊರಬಂದ ಕೂಡಲೇ ಬಂದವರಲ್ಲಿ ಯಾರಾದರೊಬ್ಬರು ಅಂದೇ ಅನ್ನುತ್ತಾರೆ: "ಇರುವ ಕಾಯಿಲೆ ಸಾಲದೆಂದು ಇದೊಂದು ಬೇರೆ ಕಾಯಿಲೆ!"

ಹಾಗೆ ಅಂದವರಲ್ಲಿ ನಾವೂ ಇದ್ದೇವೆ. ಓದಿದವನು ನವಾಬನಾಗುತ್ತಾನೆ, ಆಡಿದವನು ಕೆಟ್ಟುಹೋಗುತ್ತಾನೆ ಎಂಬರ್ಥದ ಉರ್ದು ಗಾದೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಆಟವೆಂದರೆ ಸಮಯ ಹಾಳು. ಅದರಲ್ಲೂ ಪರದೆಯ ಮೇಲಿನ ಆಟವೆಂದರೆ ಕಣ್ಣು ಹಾಳು, ಬುದ್ಧಿ ಹಾಳು. ಈ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಕೆಲವು ವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ಆಟಗಳನ್ನು ತಯಾರಿಸುವವರು ಬೇಕೆಂದೇ ಇದೇ ಆಟವನ್ನು ಕ್ಯಾನ್ಸರ್ ಪೀಡಿತ ಮಕ್ಕಳ, ಸುಟ್ಟಗಾಯದ ಹುಡುಗರ ಕೈಗಿತ್ತು, ಏನಾಗುತ್ತದೆಂದು ಅಳೆದು ನೋಡಿದ್ದಾರೆ. ಆ ಚರಿತ್ರೆ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಅದನ್ನು ತಿಳಿದ ಮೇಲೆ, ಹಾಸಿಗೆಯ ಪಕ್ಕದಲ್ಲಿ ನಿಂತು ನಾವಾಡುವ ಮಾತು ಸ್ವಲ್ಪವಾದರೂ ಬದಲಾದೀತು.

ಮದ್ದಿನ ಜೊತೆಗೆ ಮನಸ್ಸು

ರೋಗಿಯ ಮನಸ್ಸನ್ನು ನೋವಿನಿಂದ ಬೇರೆಡೆಗೆ ತಿರುಗಿಸುವುದೂ ಚಿಕಿತ್ಸೆಯ ಭಾಗ ಎಂಬುದು ಹೊಸ ಶೋಧನೆಯೇನಲ್ಲ. ಮುಸ್ಲಿಮ್ ಜಗತ್ತಿನ ಹಳೆಯ ಆಸ್ಪತ್ರೆಗಳಿಗೆ 'ಬೀಮಾರಿಸ್ತಾನ್' ಎಂಬ ಹೆಸರಿತ್ತು. ಬೀಮಾರ್ ಎಂದರೆ ಕಾಯಿಲೆಯವನು ಎಂದು ನಮಗೆ ಗೊತ್ತೇ ಇದೆ. ಈಗಿನ ತುರ್ಕಿಯ ಎದಿರ್ನೆ ನಗರದಲ್ಲಿ ಎರಡನೇ ಬಾಯಜೀದ್ ಸುಲ್ತಾನ ಕಟ್ಟಿಸಿದ ಆಸ್ಪತ್ರೆ 1488ರಲ್ಲಿ ಪೂರ್ಣಗೊಂಡಿತು. 17ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ಎವ್ಲಿಯಾ ಚೆಲೆಬಿ, ರೋಗಿಗಳಿಗಾಗಿಯೇ ಗಾಯಕರನ್ನೂ ವಾದ್ಯಗಾರರನ್ನೂ ನೇಮಿಸಿದ್ದರೆಂದು ಬರೆದಿಟ್ಟಿದ್ದಾನೆ. ವಾರದಲ್ಲಿ ಮೂರು ದಿನ ಅವರು ಬಂದು ನುಡಿಸುತ್ತಿದ್ದರಂತೆ. ಆ ಕಟ್ಟಡ ಇಂದು ಆರೋಗ್ಯದ ವಸ್ತುಸಂಗ್ರಹಾಲಯವಾಗಿದೆ.

ಆದರೆ ಆಧುನಿಕ ಆಸ್ಪತ್ರೆ ಮಕ್ಕಳ ವಿಷಯದಲ್ಲಿ ಬಹುಕಾಲ ಕಠಿಣವಾಗಿಯೇ ಇತ್ತು. ಸೋಂಕಿನ ಭಯ, ಶಿಸ್ತಿನ ಗೀಳು. ಇಂಗ್ಲೆಂಡಿನಲ್ಲಿ ತಾಯಂದಿರು ವಾರಕ್ಕೊಮ್ಮೆ ಮಾತ್ರ ಮಗುವನ್ನು ನೋಡಬಹುದಾಗಿದ್ದ ಆಸ್ಪತ್ರೆಗಳಿದ್ದವು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಎರಡು ವರ್ಷದ ಹೆಣ್ಣುಮಗುವೊಂದು ಎಂಟು ದಿನ ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿ ಕಳೆದದ್ದನ್ನು ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರು. ಅಳುವುದನ್ನು ನಿಲ್ಲಿಸಿದ ಮಗು ಸಮಾಧಾನಗೊಂಡ ಮಗುವಲ್ಲ, ಆಸೆ ಬಿಟ್ಟ ಮಗು ಎಂಬುದು ಅವರ ವಾದವಾಗಿತ್ತು. ಅನೇಕರು ಸಿಟ್ಟಾದರು. ಆದರೂ 1959ರಲ್ಲಿ ಬ್ರಿಟಿಷ್ ಸರಕಾರದ ಪ್ಲ್ಯಾಟ್ ಸಮಿತಿಯ ವರದಿ ತಂದೆತಾಯಿಯರಿಗೆ ಬಾಗಿಲು ತೆರೆಯಬೇಕು, ಮಕ್ಕಳಿಗೆ ಆಟಕ್ಕೆ ಅವಕಾಶವಿರಬೇಕು ಎಂದಿತು. ಇದಕ್ಕೂ ಮೊದಲೇ, 1955ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಆಸ್ಪತ್ರೆಯಲ್ಲಿ ವಿಯೆನ್ನಾ ಮೂಲದ ಶಿಕ್ಷಕಿ ಎಮ್ಮಾ ಪ್ಲ್ಯಾಂಕ್ ದೀರ್ಘಕಾಲ ಮಲಗಿರುವ ಮಕ್ಕಳಿಗಾಗಿ ಆಟ-ಪಾಠದ ವ್ಯವಸ್ಥೆ ಆರಂಭಿಸಿದ್ದರು. ಗೊಂಬೆ, ಬಣ್ಣ, ಮರದ ತುಂಡುಗಳು ವಾರ್ಡಿನೊಳಗೆ ಬಂದವು. ವಿಡಿಯೋ ಗೇಮ್ ಬಂದದ್ದು ಇದೇ ಬಾಗಿಲಿನಿಂದ.

ಆರೋಪಿಯಾಗಿ ಬಂದ ಅತಿಥಿ

ಮನೆಯ ಟಿವಿಗೆ ಜೋಡಿಸಿ ಆಡುವ ಮೊದಲ ಯಂತ್ರ ಮಾರುಕಟ್ಟೆಗೆ ಬಂದದ್ದು 1972ರಲ್ಲಿ. 1978ರಲ್ಲಿ ಜಪಾನಿನಲ್ಲಿ ಹುಟ್ಟಿದ 'ಸ್ಪೇಸ್ ಇನ್ವೇಡರ್ಸ್' ಜಗತ್ತಿನ ಹುಡುಗರಿಗೆಲ್ಲ ಹುಚ್ಚು ಹಿಡಿಸಿತು. ವೈದ್ಯಲೋಕದಲ್ಲಿ ಈ ಆಟದ ಹೆಸರು ಕೇಳಿಬಂದದ್ದು ಆರೋಪಿಯಾಗಿ. 1981ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ 'ಸ್ಪೇಸ್ ಇನ್ವೇಡರ್ಸ್ ಮಣಿಕಟ್ಟು' ಎಂಬ ಹೊಸ ನೋವಿನ ಬಗ್ಗೆ ಪತ್ರವೊಂದು ಅಚ್ಚಾಯಿತು. ಮರುವರ್ಷ, 1982ರಲ್ಲಿ, ಅಮೆರಿಕ ಸರಕಾರದ ಮುಖ್ಯ ವೈದ್ಯಾಧಿಕಾರಿ ಎವರೆಟ್ ಕೂಪ್ ಈ ಆಟಗಳು ಎಳೆಯರ ಆರೋಗ್ಯಕ್ಕೆ ಕೇಡೆಂದು ಬಹಿರಂಗವಾಗಿಯೇ ಹೇಳಿದರು.

ಅದೇ ದಶಕದಲ್ಲಿ, ಅದೇ ದೇಶದಲ್ಲಿ, ಇನ್ನೊಂದು ಬಗೆಯ ಪ್ರಯೋಗವೂ ಮೆಲ್ಲಗೆ ಶುರುವಾಗಿತ್ತು.

ಕೀಮೋಥೆರಪಿ ಎಂದರೇನೆಂದು ಇಂದು ಹಳ್ಳಿಯವರಿಗೂ ಗೊತ್ತು. ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ನರದೊಳಗೆ ಹರಿಸುವ ಔಷಧಿ ಮೈಯನ್ನೆಲ್ಲ ಕಲಕಿಬಿಡುತ್ತದೆ. ವಾಂತಿಯನ್ನು ಹತೋಟಿಯಲ್ಲಿಡುವ ಈಗಿನ ಒಳ್ಳೆಯ ಮಾತ್ರೆಗಳು ಆಗ ಇರಲಿಲ್ಲ. ನಾಲ್ಕಾರು ಸಲ ಔಷಧಿ ಪಡೆದ ಮಗುವಿಗೆ ಆಮೇಲೆ ಔಷಧಿಯೇ ಬೇಕಿರಲಿಲ್ಲ. ಆಸ್ಪತ್ರೆಯ ವಾಸನೆ ಬಂದರೆ ಸಾಕು, ನರ್ಸಮ್ಮನ ಬಿಳಿ ಉಡುಪು ಕಂಡರೆ ಸಾಕು, ವಾಕರಿಕೆ. ದೇಹ ಭಯವನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ. ಇಂಥ ಮಕ್ಕಳಿಗೆ ಚಿಕಿತ್ಸೆಯ ಹೊತ್ತಿನಲ್ಲಿ ವಿಡಿಯೋ ಗೇಮ್ ಕೊಟ್ಟರೆ ಏನಾಗುತ್ತದೆ? 1985ರಲ್ಲಿ ಕೋಲ್ಕೊ ಮತ್ತು ಅವರ ಸಹೋದ್ಯೋಗಿ ಮೂವರು ಮಕ್ಕಳ ಮೇಲೆ ಪರೀಕ್ಷಿಸಿ ವರದಿ ಬರೆದರು. 1987ರಲ್ಲಿ ವಿಲಿಯಂ ರೆಡ್ ಮತ್ತು ಸಂಗಡಿಗರು ಇನ್ನಷ್ಟು ಮಕ್ಕಳೊಂದಿಗೆ ಅದನ್ನೇ ಮುಂದುವರಿಸಿದರು. ಸ್ವಲ್ಪ ಹೊತ್ತು ಆಟ ಕೊಡುವುದು, ಸ್ವಲ್ಪ ಹೊತ್ತು ತೆಗೆದುಕೊಳ್ಳುವುದು, ಮತ್ತೆ ಕೊಡುವುದು - ಹೀಗಿತ್ತು ಅವರ ಕ್ರಮ. ಆಟ ಕೈಯಲ್ಲಿದ್ದಾಗ ವಾಕರಿಕೆ ಇಳಿಯಿತು. ಕಿತ್ತುಕೊಂಡಾಗ ಮತ್ತೆ ಏರಿತು. ನಾಡಿಮಿಡಿತದಲ್ಲಿ, ರಕ್ತದೊತ್ತಡದಲ್ಲಿ ಅಂಥ ನಿಶ್ಚಿತ ಬದಲಾವಣೆ ಕಾಣಲಿಲ್ಲ. ಮೈ ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಮಗುವಿನ ಸಂಕಟ ಮಾತ್ರ ಕಡಿಮೆಯಾಗಿತ್ತು.

ಇದು ಮೊದಲ ಪಾಠ: ಆಟ ಮರೆಸುತ್ತದೆ. ಮರೆವು ಎಂದರೆ ಸಣ್ಣದಲ್ಲ. ಹಲ್ಲುನೋವಿನ ಒಂದು ರಾತ್ರಿ ಕಳೆದವರಿಗೆ ಅದರ ಬೆಲೆ ಗೊತ್ತು.

ಬೆಂಕಿಯ ಗಾಯಕ್ಕೆ ಹಿಮದ ಲೋಕ

ಮರೆಸುವ ದಾರಿಯಲ್ಲಿ ಬಹುದೂರ ಹೋದವರು ಅಮೆರಿಕದ ಸಿಯಾಟಲ್ ನಗರದವರು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಹಾರ್ಬರ್‌ವ್ಯೂ ಆಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿ ಕೆಲಸ ಮಾಡಿದರು. ಸುಟ್ಟಗಾಯದ ಕ್ರೌರ್ಯವಿರುವುದು ಸುಟ್ಟ ಕ್ಷಣದಲ್ಲಿ ಮಾತ್ರವಲ್ಲ. ಗುಣವಾಗಬೇಕಾದರೆ ದಿನದಿನವೂ ಪಟ್ಟಿ ಬಿಚ್ಚಬೇಕು, ಸತ್ತ ಚರ್ಮ ಉಜ್ಜಿ ತೆಗೆಯಬೇಕು. ಮಾರ್ಫಿನ್‌ನಂಥ ನೋವು ನಿವಾರಕ ಕೊಟ್ಟರೂ ಆ ಹೊತ್ತಿಗೆ ಅದು ಸಾಲದು. 2000ದಲ್ಲಿ ಅವರು ಪ್ರಕಟಿಸಿದ ಮೊದಲ ವರದಿಯಲ್ಲಿದ್ದವರು ಹದಿಹರೆಯದ ಇಬ್ಬರೇ ರೋಗಿಗಳು. ಗಾಯದ ಉಪಚಾರದ ಸಮಯದಲ್ಲಿ ಸ್ವಲ್ಪ ಹೊತ್ತು ಮಾಮೂಲಿ ವಿಡಿಯೋ ಗೇಮ್, ಸ್ವಲ್ಪ ಹೊತ್ತು ಕಣ್ಣಿಗೆ ಕಟ್ಟುವ ಉಪಕರಣದ ಮೂಲಕ ಕಾಣುವ ಕಲ್ಪಿತ ಲೋಕ. ಎರಡನೆಯದರಲ್ಲಿ ನೋವು ಬಹಳ ಕಡಿಮೆ ಎಂದರು ಇಬ್ಬರೂ.

ಸುಟ್ಟಗಾಯದ ರೋಗಿಗಳಿಗೆಂದೇ ಆ ತಂಡ ಆಮೇಲೆ ರೂಪಿಸಿದ ಆಟದ ಹೆಸರು 'ಸ್ನೋವರ್ಲ್ಡ್'. ಅದರಲ್ಲಿ ಬೆಂಕಿಯ ನೆನಪು ತರುವಂಥದ್ದೇನೂ ಇಲ್ಲ. ಹಿಮ ತುಂಬಿದ ಕಣಿವೆ. ಅದರ ನಡುವೆ ತೇಲುತ್ತಾ ಹೋಗಿ ಹಿಮದ ಬೊಂಬೆಗಳ ಮೇಲೆ, ಪೆಂಗ್ವಿನ್‌ಗಳ ಮೇಲೆ ಹಿಮದ ಉಂಡೆ ಎಸೆಯಬೇಕು. ನೋವೆಂಬುದಕ್ಕೆ ನಮ್ಮ ಗಮನ ಬೇಕು. ಗಮನ ಬೇರೆ ಕೆಲಸದಲ್ಲಿ ಮುಳುಗಿದ್ದರೆ ನೋವಿಗೆ ಉಳಿಯುವ ಪಾಲು ಕಡಿಮೆ - ಇಷ್ಟೇ ಇದರ ಹಿಂದಿನ ಸೂತ್ರ. ಮಗುವಿಗೆ ಇಂಜೆಕ್ಷನ್ ಚುಚ್ಚುವಾಗ "ಅಲ್ಲಿ ನೋಡು ಕಾಗೆ" ಎನ್ನುವ ನಮ್ಮ ಅಮ್ಮಂದಿರಿಗೆ ಈ ಸೂತ್ರ ಮೊದಲೇ ಗೊತ್ತಿತ್ತು.

ಆನೆಮರಿಗಳು ಕಲಿಸಿದ್ದು

ಎರಡನೆಯ ಹೆಜ್ಜೆ ಬೇರೆ ಬಗೆಯದು. ಕೆಲವು ಕಾಯಿಲೆಗಳನ್ನು ಮರೆತರೆ ಕೆಲಸ ನಡೆಯುವುದಿಲ್ಲ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಅಂಥದ್ದು. ಇದು ನಮ್ಮ ಹಿರಿಯರಿಗೆ ವಯಸ್ಸಾದ ಮೇಲೆ ಬರುವ ಸಕ್ಕರೆಯಂತಲ್ಲ. ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿರುತ್ತದೆ. ದಿನಕ್ಕೆ ಹಲವು ಸಲ ರಕ್ತ ನೋಡಿಕೊಳ್ಳಬೇಕು, ಸೂಜಿ ಚುಚ್ಚಿಕೊಳ್ಳಬೇಕು, ತಿನ್ನುವುದಕ್ಕೆ ಲೆಕ್ಕವಿಡಬೇಕು. ಗೆಳೆಯರೆಲ್ಲ ಮಿಠಾಯಿ ತಿನ್ನುವಾಗ ಎಂಟು ವರ್ಷದ ಮಗು ಈ ಲೆಕ್ಕವನ್ನು ಹೇಗೆ ಹಾಕೀತು?

1992ರಲ್ಲಿ ಅಮೆರಿಕದ ರಾಯಾ ಸಿಸ್ಟಮ್ಸ್ ಎಂಬ ಸಂಸ್ಥೆ 'ಕ್ಯಾಪ್ಟನ್ ನೋವೊಲಿನ್' ಎಂಬ ಆಟ ತಂದಿತು. ಅದರ ನಾಯಕನೇ ಸಕ್ಕರೆ ಕಾಯಿಲೆಯವನು. ಇನ್ಸುಲಿನ್ ಕಂಪನಿಯ ಹಣದಿಂದ ತಯಾರಾದ ಆ ಆಟದಲ್ಲಿ ಜಾಹೀರಾತಿನ ವಾಸನೆ ಇತ್ತು. ಅದೇ ಸಂಸ್ಥೆ 1995ರ ಹೊತ್ತಿಗೆ ತಂದ 'ಪ್ಯಾಕಿ ಅಂಡ್ ಮಾರ್ಲನ್' ಇನ್ನೂ ಚೆನ್ನಾಗಿತ್ತು. ಇಬ್ಬರು ಗೆಳೆಯರು, ಇಬ್ಬರೂ ಆನೆಮರಿಗಳು, ಇಬ್ಬರಿಗೂ ಸಕ್ಕರೆ ಕಾಯಿಲೆ. ಬೇಸಿಗೆ ಶಿಬಿರಕ್ಕೆ ಹೋದರೆ ಇಲಿಗಳ ದಂಡು ಅವರ ಊಟವನ್ನೂ ಔಷಧಿಯನ್ನೂ ಕದ್ದು ಚೆಲ್ಲಾಡಿದೆ. ಅವನ್ನು ಹುಡುಕಿ ತರಬೇಕು. ಹುಡುಕುತ್ತಲೇ ಆನೆಮರಿಯ ರಕ್ತದ ಸಕ್ಕರೆ ಏರದಂತೆ, ಇಳಿಯದಂತೆ ನೋಡಿಕೊಳ್ಳಬೇಕು.

ಈ ಆಟವನ್ನು 8ರಿಂದ 16 ವರ್ಷದ 59 ಮಕ್ಕಳ ನಡುವೆ ಆರು ತಿಂಗಳು ಪರೀಕ್ಷಿಸಿ, ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಆನೆಮರಿಗಳ ಆಟ, ಇನ್ನೊಂದು ಗುಂಪಿಗೆ ಕಾಯಿಲೆಯ ಸುದ್ದಿಯೇ ಇಲ್ಲದ ಮಾಮೂಲಿ ಆಟ. ಮೊದಲ ಗುಂಪಿನ ಮಕ್ಕಳು ತಮ್ಮ ಕಾಯಿಲೆಯನ್ನು ತಾವೇ ನಿಭಾಯಿಸಬಲ್ಲೆವು ಎಂಬ ಧೈರ್ಯ ಪಡೆದರು. ತುರ್ತಾಗಿ ವೈದ್ಯರ ಬಳಿಗೆ ಓಡುವ ಪ್ರಸಂಗಗಳು ಶೇಕಡ 77ರಷ್ಟು ಇಳಿದವು. ನಮಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ: ಆ ಮಕ್ಕಳು ಕಾಯಿಲೆಯ ಬಗ್ಗೆ ತಂದೆತಾಯಿಯರೊಡನೆ ಹೆಚ್ಚು ಮಾತನಾಡತೊಡಗಿದ್ದರು. ಮನೆಯಲ್ಲಿ ಬಾಯಿ ಬಿಡದ ಮಗುವಿಗೆ ಒಂದು ಆನೆಮರಿಯ ನೆಪ ಬೇಕಾಗಿತ್ತು.

ಆಟಗಾರರ ಕಾಣಿಕೆ, ಬಾಲಕನ ಆಸೆ

ಅತ್ತ ಹೊರಲೋಕದಲ್ಲಿ ಆಟದ ಮೇಲಿನ ಆರೋಪ ನಿಂತಿರಲಿಲ್ಲ. ವಿಡಿಯೋ ಗೇಮ್ ಆಡುವವರೆಲ್ಲ ಹಿಂಸೆಯ ಪಾಠ ಕಲಿಯುತ್ತಿದ್ದಾರೆ ಎಂಬ ಲೇಖನಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಇದರಿಂದ ನೊಂದ ಇಬ್ಬರು ವ್ಯಂಗ್ಯಚಿತ್ರಕಾರರು, ಮೈಕ್ ಕ್ರಾಹುಲಿಕ್ ಮತ್ತು ಜೆರ್ರಿ ಹೋಲ್ಕಿನ್ಸ್, ವಾದಕ್ಕಿಳಿಯುವ ಬದಲು 2003ರ ಕೊನೆಯಲ್ಲಿ 'ಚೈಲ್ಡ್ಸ್ ಪ್ಲೇ' ಎಂಬ ದಾನಕಾರ್ಯ ಶುರುಮಾಡಿದರು. ಸಿಯಾಟಲ್ ಮಕ್ಕಳ ಆಸ್ಪತ್ರೆಗೆ ಏನೇನು ಬೇಕೆಂಬ ಪಟ್ಟಿ ಮಾಡಿ, ಆಟಗಾರರೇ ಕೊಂಡು ಕಳಿಸಿ ಎಂದರು. ಮೊದಲ ವರ್ಷವೇ ಸುಮಾರು ಎರಡೂವರೆ ಲಕ್ಷ ಡಾಲರು ಬೆಲೆಯ ಆಟಿಕೆ, ಆಟ ಮತ್ತು ಹಣ ಬಂದು ಬಿದ್ದಿತು. ಕಂಡರಿಯದ ಮಕ್ಕಳಿಗಾಗಿ ಕಂಡರಿಯದ ಜನ ಕೊಟ್ಟ ಸದಕಾ ಎನ್ನೋಣವೇ?

2004ರಲ್ಲಿ ನಡೆದ ಇನ್ನೊಂದು ಘಟನೆ ಇದಕ್ಕಿಂತ ಸಣ್ಣದು, ಆದರೆ ಚರಿತ್ರೆಗೆ ತಿರುವು ಕೊಟ್ಟದ್ದು. ತೀವ್ರ ಕಾಯಿಲೆಯ ಮಕ್ಕಳ ಆಸೆಗಳನ್ನು ಈಡೇರಿಸುವ ಸಂಸ್ಥೆಯೊಂದು ಅಮೆರಿಕದಲ್ಲಿದೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಪಡೆದಿದ್ದ ಒಂಬತ್ತು ವರ್ಷದ ಬಾಲಕನಿಗೆ ಅದು "ನಿನಗೇನು ಬೇಕು?" ಎಂದು ಕೇಳಿತು. ಅವನು ಪ್ರವಾಸ ಕೇಳಲಿಲ್ಲ, ಸಿನಿಮಾ ನಟನನ್ನು ನೋಡಬೇಕೆನ್ನಲಿಲ್ಲ. ಕ್ಯಾನ್ಸರ್ ವಿರುದ್ಧ ಹೋರಾಡುವ ವಿಡಿಯೋ ಗೇಮ್ ಮಾಡಬೇಕು, ತನ್ನಂಥ ಮಕ್ಕಳೆಲ್ಲ ಆಡುವಂತಿರಬೇಕು ಎಂದ. ಲ್ಯೂಕಸ್‌ಆರ್ಟ್ಸ್ ಎಂಬ ಹೆಸರಾಂತ ಸಂಸ್ಥೆಯ ತಂತ್ರಜ್ಞ ಎರಿಕ್ ಜಾನ್‌ಸ್ಟನ್ ಮುಂದೆ ಬಂದರು. ಬಾಲಕ ಹೇಳುತ್ತಾ ಹೋದ, ಅವರು ಕಟ್ಟುತ್ತಾ ಹೋದರು. ಆಟದ ನಾಯಕ ಅವನೇ. ಹಲಗೆಯ ಬಂಡಿಯೇರಿ ಕೆಟ್ಟ ಕೋಶಗಳನ್ನು ಹೊಡೆಯುತ್ತಾ, ಚಿಕಿತ್ಸೆಯ ಅಡ್ಡಪರಿಣಾಮಗಳಿಂದ ಕಾಪಾಡುವ ಏಳು ಗುರಾಣಿಗಳನ್ನು ಗೆಲ್ಲಬೇಕು. ವಾಂತಿ, ಜ್ವರ, ಕೂದಲುದುರುವುದು - ಒಂದೊಂದಕ್ಕೂ ಒಂದೊಂದು ರಾಕ್ಷಸ. ಆಟ ಎಲ್ಲರಿಗೂ ಉಚಿತವಾಗಿ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ್ದು ಇದೆ. ಅದುವರೆಗೆ ಕ್ಯಾನ್ಸರಿನ ಮಗುವಿಗೆ ದೊಡ್ಡವರು ಆಟ ಕೊಡುತ್ತಿದ್ದದ್ದು ಹೆಚ್ಚಾಗಿ ಕಾಯಿಲೆ ಮರೆಯಲಿ ಎಂದು. ಈ ಮಗು ಮರೆಯಲು ಒಪ್ಪಲಿಲ್ಲ. ತನ್ನ ಶತ್ರುವಿನ ಮುಖ ತೋರಿಸಿ ಎಂದಿತು.

ಬಾಟಲಿಯ ಮುಚ್ಚಳ ಹೇಳಿದ ಸತ್ಯ

ಅದೇ ವರ್ಷಗಳಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆದಿತ್ತು. ಪಮೇಲಾ ಒಮಿಡ್ಯಾರ್ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯಾಗಿದ್ದವರು. ಅವರ ಪತಿ 'ಇಬೇ' ಸ್ಥಾಪಕರು. ಹಗಲು ಪ್ರಯೋಗಾಲಯದಲ್ಲಿ ಕೋಶಗಳನ್ನು ನೋಡುವುದು, ರಾತ್ರಿ ಮನೆಯಲ್ಲಿ ಗಂಡನ ವಿಡಿಯೋ ಗೇಮ್ ನೋಡುವುದು. ಎರಡನ್ನೂ ಸೇರಿಸಿದರೆ? 2001ರಲ್ಲಿ ಅವರು 'ಹೋಪ್‌ಲ್ಯಾಬ್' ಎಂಬ ಸಂಸ್ಥೆ ಕಟ್ಟಿದರು. 2006ರಲ್ಲಿ ಅದು 'ರೀ-ಮಿಷನ್' ಎಂಬ ಆಟವನ್ನು ಉಚಿತವಾಗಿ ಹಂಚಲಾರಂಭಿಸಿತು. ಇಂಗ್ಲಿಷಿನಲ್ಲಿ 'ರೆಮಿಷನ್' ಎಂದರೆ ಕಾಯಿಲೆ ಹಿಂದೆ ಸರಿಯುವುದು. 'ಮಿಷನ್' ಎಂದರೆ ಹೊತ್ತುಕೊಂಡ ಕಾರ್ಯ. ಹೆಸರಿನಲ್ಲಿ ಎರಡೂ ಇವೆ.

ಆಟದ ನಾಯಕಿ ರಾಕ್ಸಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಯಂತ್ರದ ಹುಡುಗಿ. ಒಟ್ಟು 20 ಹಂತಗಳು. ಬೇರೆ ಬೇರೆ ಕ್ಯಾನ್ಸರ್ ರೋಗಿಗಳ ದೇಹದೊಳಗೆ ಇಳಿದು ಆಕೆ ಹೋರಾಡಬೇಕು. ಅವಳ ಬಂದೂಕಿನಲ್ಲಿರುವುದು ಕೀಮೋ ಔಷಧಿ, ವಿಕಿರಣ, ಆಂಟಿಬಯಾಟಿಕ್. ರೋಗಿ ಮಾತ್ರೆ ತಪ್ಪಿಸಿದರೆ ಶತ್ರು ಬಲಿಯುವುದು ಆಡುವವರ ಕಣ್ಣೆದುರೇ ಕಾಣುತ್ತದೆ.

ಮಾತ್ರೆಯ ಮೇಲೆ ಇಷ್ಟು ಒತ್ತು ಏಕೆ? ಇಲ್ಲೇ ಇರುವುದು ಈ ಚರಿತ್ರೆಯ ಮುಖ್ಯ ಗಂಟು. 1960ರ ದಶಕದ ಆರಂಭದಲ್ಲಿ ರಕ್ತದ ಕ್ಯಾನ್ಸರ್ ತಗಲಿದ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರು ಉಳಿಯುವುದೂ ಕಷ್ಟವಿತ್ತು. ಇಂದು ಶ್ರೀಮಂತ ದೇಶಗಳಲ್ಲಿ, ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ಆದರೆ ಆ ಚಿಕಿತ್ಸೆ ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ. ಮನೆಗೆ ಬಂದ ಮೇಲೂ ವರ್ಷಗಟ್ಟಲೆ ದಿನಾ ಮಾತ್ರೆ ನುಂಗಬೇಕು. ಕೂದಲು ಮತ್ತೆ ಬಂದಿರುತ್ತದೆ, ಮುಖದಲ್ಲಿ ಕಳೆ ಬಂದಿರುತ್ತದೆ, ಬಂಧುಗಳು "ಅಲ್ ಹಮ್ದುಲಿಲ್ಲಾಹ್, ಗುಣವಾಯಿತು" ಎಂದು ಹೋಗಿರುತ್ತಾರೆ. ಅಪಾಯ ಆಗಲೇ. ಹದಿಹರೆಯದ ಹುಡುಗ ಒಂದು ದಿನ ಮರೆಯುತ್ತಾನೆ, ಇನ್ನೊಂದು ದಿನ ಬೇಸರದಿಂದ ಬಿಡುತ್ತಾನೆ, ಮತ್ತೊಂದು ದಿನ ತಾನೂ ಎಲ್ಲರಂತೆಯೇ ಎಂದು ತೋರಿಸಿಕೊಳ್ಳಲು ಬಿಡುತ್ತಾನೆ. ಸೂಚಿಸಿದ ನೂರು ಡೋಸ್‌ಗಳಲ್ಲಿ 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚೆಂದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಅಂದರೆ ಸಾವು ಬದುಕಿನ ನಡುವೆ ನಿಂತಿರುವುದು ಔಷಧಿಯೊಂದೇ ಅಲ್ಲ, ಆ ಔಷಧಿಯತ್ತ ಚಾಚಬೇಕಾದ ಎಳೆಯ ಕೈ ಕೂಡಾ.

ಆ ಕೈಯನ್ನು ಆಟ ಚಾಚಿಸಬಲ್ಲದೇ? ಪಮೇಲಾ ಕೇಟೋ ಮತ್ತು ಸಂಗಡಿಗರು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ 34 ಚಿಕಿತ್ಸಾ ಕೇಂದ್ರಗಳಲ್ಲಿ, 13ರಿಂದ 29 ವಯಸ್ಸಿನ 375 ಕ್ಯಾನ್ಸರ್ ರೋಗಿಗಳನ್ನು ಸೇರಿಸಿಕೊಂಡು ಪರೀಕ್ಷಿಸಿದರು. ಎಲ್ಲರಿಗೂ ಕಂಪ್ಯೂಟರ್ ಕೊಟ್ಟರು. ಕೆಲವರಿಗೆ ಮಾಮೂಲಿ ಸಾಹಸದ ಆಟವೊಂದು ಮಾತ್ರ. ಉಳಿದವರಿಗೆ ಅದರೊಂದಿಗೆ 'ರೀ-ಮಿಷನ್'. ವಾರಕ್ಕೆ ಒಂದು ಗಂಟೆಯಾದರೂ ಆಡಿ ಎಂದರು, ಮೂರು ತಿಂಗಳು. ಸೋಂಕು ತಡೆಯುವ ಆಂಟಿಬಯಾಟಿಕ್ ಸೇವಿಸುತ್ತಿದ್ದವರಿಗೆ ಕೊಟ್ಟ ಬಾಟಲಿಯ ಮುಚ್ಚಳದಲ್ಲಿ ಸಣ್ಣ ಯಂತ್ರವಿತ್ತು. ಮುಚ್ಚಳ ತೆರೆದಾಗಲೆಲ್ಲ ಅದು ದಿನ, ಗಂಟೆ ಬರೆದಿಡುತ್ತಿತ್ತು.

2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾಮೂಲಿ ಆಟದವರು ಸೂಚಿಸಿದ ಮಾತ್ರೆಗಳಲ್ಲಿ ನೂರಕ್ಕೆ 52ರ ಆಸುಪಾಸು ತೆಗೆದುಕೊಂಡಿದ್ದರೆ, 'ರೀ-ಮಿಷನ್' ಆಡಿದವರು ಸುಮಾರು 62 ತೆಗೆದುಕೊಂಡಿದ್ದರು. ಮನೆಯಲ್ಲಿ ನುಂಗುವ ಕೀಮೋ ಮಾತ್ರೆಯ ಅಂಶವೂ ಆಡಿದವರ ರಕ್ತದಲ್ಲಿ ಹೆಚ್ಚಿತ್ತು. ಕಾಯಿಲೆಯ ತಿಳಿವಳಿಕೆ ಬೆಳೆದಿತ್ತು, ನಿಭಾಯಿಸಬಲ್ಲೆ ಎಂಬ ನಂಬಿಕೆ ಬೆಳೆದಿತ್ತು. ಆದರೆ "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ?" ಎಂದು ಬಾಯಲ್ಲಿ ಕೇಳಿದಾಗ ಎರಡು ಗುಂಪಿನವರ ಉತ್ತರದಲ್ಲೂ ವ್ಯತ್ಯಾಸವಿರಲಿಲ್ಲ! ಮಕ್ಕಳು ಹೇಳದ್ದನ್ನು ಮುಚ್ಚಳ ಹೇಳಿತ್ತು. ಮನೆಯಲ್ಲಿ ದಿನಾ ಇದೇ ಪ್ರಶ್ನೆ ಕೇಳಿ, ಸಿಕ್ಕ "ಹೂಂ"ನಿಂದ ಸಮಾಧಾನಪಡುವ ತಾಯ್ತಂದೆಯರು ಇದನ್ನು ನೆನಪಿಡಬೇಕು.

ಅಧ್ಯಯನದ ಮಿತಿಯನ್ನೂ ಹೇಳಿಬಿಡೋಣ. ಆಡಿದವರ ಮಾನಸಿಕ ಒತ್ತಡವೇನೂ ಇಳಿಯಲಿಲ್ಲ. ಮತ್ತು 62 ಎಂಬುದು 95ರಿಂದ ಇನ್ನೂ ಬಹಳ ದೂರ. ಆಟ ಕ್ಯಾನ್ಸರನ್ನು ವಾಸಿ ಮಾಡಲಿಲ್ಲ. ವಾಸಿ ಮಾಡುವ ಮಾತ್ರೆಯ ಹತ್ತಿರಕ್ಕೆ ಮಕ್ಕಳನ್ನು ಇಷ್ಟು ದೂರ ಕರೆದುತಂದಿತು, ಅಷ್ಟೇ.

ನೋಡುವುದು ಬೇರೆ, ಆಡುವುದು ಬೇರೆ

ಇದೇ ಸಂಗತಿಗಳನ್ನು ಒಂದು ಕರಪತ್ರದಲ್ಲಿ ಬರೆದು ಕೊಟ್ಟಿದ್ದರೆ ಸಾಲುತ್ತಿರಲಿಲ್ಲವೇ? ಒಂದು ಸಿನಿಮಾ ತೋರಿಸಿದ್ದರೆ? ಈ ಪ್ರಶ್ನೆಯನ್ನು ಸಂಶೋಧಕರೂ ಕೇಳಿಕೊಂಡರು. ಸ್ಟೀವ್ ಕೋಲ್ ಮತ್ತು ಸಂಗಡಿಗರು 57 ಆರೋಗ್ಯವಂತ ವಿದ್ಯಾರ್ಥಿಗಳಲ್ಲಿ ಕೆಲವರಿಗೆ 'ರೀ-ಮಿಷನ್' ಆಡಲು ಕೊಟ್ಟು, ಇನ್ನು ಕೆಲವರಿಗೆ ಅದೇ ಆಟದ ದೃಶ್ಯಗಳನ್ನು ಬರೀ ತೋರಿಸಿ, ಮಿದುಳಿನ ಸ್ಕ್ಯಾನ್ ಮಾಡಿದರು. 2012ರಲ್ಲಿ ಹೊರಬಂದ ಅವರ ವರದಿಯ ಪ್ರಕಾರ, ಮಿದುಳಿನಲ್ಲಿ ಉತ್ಸಾಹಕ್ಕೆ, ಪ್ರತಿಫಲದ ನಿರೀಕ್ಷೆಗೆ ಸಂಬಂಧಿಸಿದ ಭಾಗಗಳು ಚುರುಕಾದದ್ದು ಆಡಿದವರಲ್ಲಿ, ನೋಡಿದವರಲ್ಲಿ ಅಷ್ಟಿಲ್ಲ. ಕಣ್ಣೆದುರಿನ ಚಿತ್ರವಲ್ಲ, ತನ್ನ ಕೈಯಿಂದ ಏನೋ ಆಗುತ್ತಿದೆ ಎಂಬ ಅನುಭವವೇ ಕೆಲಸ ಮಾಡುವುದು.

ಕಾಯಿಲೆ ಮಗುವಿನಿಂದ ಕಿತ್ತುಕೊಳ್ಳುವುದು ಇದನ್ನೇ ತಾನೇ? ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಕೈಗೆ ಸೂಜಿ - ಎಲ್ಲವೂ ಬೇರೆಯವರ ತೀರ್ಮಾನ. ಅವನ ಮೈಯ ಮೇಲೆ ಎಲ್ಲರಿಗೂ ಹಕ್ಕಿದೆ, ಅವನೊಬ್ಬನಿಗಿಲ್ಲ. ಅಂಥವನ ಹೆಬ್ಬೆರಳಿನ ಒಂದು ಒತ್ತಿಗೆ ಪರದೆಯ ಮೇಲೊಂದು ಲೋಕ ಅಲುಗಾಡಿದರೆ, ಅವನಿಗೆ ಮರಳಿ ಸಿಕ್ಕುವುದು ಬರೀ ಮನರಂಜನೆಯಲ್ಲ. ತಾನಿನ್ನೂ ಏನಾದರೂ ಮಾಡಬಲ್ಲೆ ಎಂಬ ನಂಬಿಕೆ.

'ರೀ-ಮಿಷನ್' ಕಟ್ಟಿದವರು ಮಾಡಿದ್ದ ಒಂದು ಸಣ್ಣ ತೀರ್ಮಾನ ಕಥೆ ಬರೆಯುವ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಆ ಆಟದಲ್ಲಿ ಯಾವ ರೋಗಿಯೂ ಸಾಯುವುದಿಲ್ಲ. ಸೋತರೆ ರಾಕ್ಸಿಯ ಶಕ್ತಿ ಕುಂದಿ ನಿಲ್ಲುತ್ತಾಳೆ. ಮತ್ತೆ ಪ್ರಯತ್ನಿಸು ಎಂಬ ಅವಕಾಶ ಸಿಗುತ್ತದೆ. ಪಕ್ಕದ ಹಾಸಿಗೆ ಒಂದು ಬೆಳಿಗ್ಗೆ ಖಾಲಿಯಾದದ್ದನ್ನು ಕಂಡಿರಬಹುದಾದ ಮಗುವಿಗೆ ಸಾವನ್ನು ಹೊಸದಾಗಿ ಕಲಿಸಬೇಕಿಲ್ಲವೆಂದು ಅವರಿಗೆ ಗೊತ್ತಿತ್ತು. ಆ ಆಟದ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಪ್ರತಿಗಳು 80ಕ್ಕೂ ಹೆಚ್ಚು ದೇಶಗಳಿಗೆ ಹೋದವು. 2013ರಲ್ಲಿ ಅದರ ಮುಂದುವರಿಕೆಯಾಗಿ ಆರು ಚಿಕ್ಕ ಆಟಗಳೂ ಬಂದವು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಗಮನ ನಿಲ್ಲದ ಮಕ್ಕಳಿಗಾಗಿ ವೈದ್ಯರು ಚೀಟಿ ಬರೆದುಕೊಡಬಹುದಾದ ವಿಡಿಯೋ ಗೇಮ್ ಒಂದಕ್ಕೆ ಮೊದಲ ಬಾರಿಗೆ ಅನುಮತಿ ನೀಡಿತು. 1982ರಲ್ಲಿ ಆರೋಗ್ಯಕ್ಕೆ ಕೇಡೆಂದು ಹೇಳಿಸಿಕೊಂಡ ವಸ್ತು 38 ವರ್ಷಗಳಲ್ಲಿ ವೈದ್ಯರ ಚೀಟಿಗೆ ಏರಿತ್ತು.

ತಕ್ಕಡಿಯ ಇನ್ನೊಂದು ತಟ್ಟೆ

ಹಾಗೆಂದು ಹಳೆಯ ಆರೋಪ ಸುಳ್ಳಾಯಿತೇ? ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಮೊಬೈಲು, ಇಂಟರ್‌ನೆಟ್, ಗೇಮ್‌ಗಳಿಂದ ಬಿಡಿಸಿಕೊಳ್ಳಲಾಗದವರಿಗಾಗಿ 'ಶಟ್' ಎಂಬ ಕ್ಲಿನಿಕ್ ತೆರೆಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರಲ್ಲಿ ಜಾರಿಗೆ ಬಂದಿದೆ. ಉಪ್ಪಿಲ್ಲದೆ ಊಟವಿಲ್ಲ, ಉಪ್ಪೇ ಊಟವಲ್ಲ. ಮೇಲೆ ಹೇಳಿದ ಪ್ರಯೋಗಗಳಲ್ಲೆಲ್ಲ ಆಟಕ್ಕೆ ಒಂದು ಉದ್ದೇಶವಿತ್ತು. ಮಗುವಿನ ಬಾಯಿ ಮುಚ್ಚಿಸಲು ಮೊಬೈಲು ಕೊಟ್ಟು ನಾವು ವರಾಂಡದಲ್ಲಿ ಹರಟೆಗೆ ಕೂರುವುದು ಈ ಚರಿತ್ರೆಯ ಭಾಗವಲ್ಲ.

ಹಾಗಾದರೆ ನಾವೇನು ಮಾಡಬಹುದು? ಕಣ್ಣಿಗೆ ಕಟ್ಟುವ ಉಪಕರಣ ತರಿಸುವ ಶಕ್ತಿ ನಮಗಿಲ್ಲದಿರಬಹುದು. ಆದರೆ ಇಯಾದತ್‌ಗೆ ಹೋಗುವ ಅಭ್ಯಾಸವಿದೆಯಲ್ಲ? ಅದನ್ನೇ ಸ್ವಲ್ಪ ತಿದ್ದಿಕೊಳ್ಳಬಹುದು. ಹದೀಸಿನಲ್ಲಿ ಬರುವ ಅಬೂ ಉಮೈರ್‌ನ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ಅನಸ್(ರ)ರ ಪುಟ್ಟ ತಮ್ಮ ಅವನು. ಅವನು ಆಡಿಸುತ್ತಿದ್ದ ಹಕ್ಕಿ ಸತ್ತುಹೋಗಿ ಸಪ್ಪಗೆ ಕುಳಿತಿದ್ದ. ಪ್ರವಾದಿವರ್ಯರು(ಸ) ಅವನನ್ನು ದೊಡ್ಡವರನ್ನು ಕರೆಯುವಂತೆ 'ಅಬೂ ಉಮೈರ್' ಎಂದು ಕರೆದು, ಅವನ ಹಕ್ಕಿಯ ವಿಚಾರವನ್ನೇ ವಿಚಾರಿಸಿದರು. ದೊಡ್ಡವರೊಡನೆ ಮಾತನಾಡಿ ಹೊರಟುಹೋಗಲಿಲ್ಲ. ಮಗುವಿನ ಲೋಕದೊಳಗೆ ಕಾಲಿಟ್ಟು ಮಗುವಿನೊಡನೆಯೇ ಮಾತನಾಡಿದರು.

ಮುಂದಿನ ಸಲ ಕಾಯಿಲೆಯ ಮಗುವನ್ನು ನೋಡಲು ಹೋದಾಗ, ಹಣ್ಣಿನ ಚೀಲ ಕೆಳಗಿಟ್ಟು, ಮೊದಲು ಮಗುವಿನ ಪಕ್ಕದಲ್ಲೇ ಕೂರೋಣ. ದಿಂಬಿನ ಕೆಳಗಿನಿಂದ ಮೊಬೈಲು ಹೊರಬಂದರೆ ಹುಬ್ಬು ಗಂಟಿಕ್ಕುವುದು ಬೇಡ. "ಯಾವ ಆಟವಪ್ಪಾ ಇದು? ಎಷ್ಟನೇ ಹಂತದಲ್ಲಿದ್ದೀಯ? ನನಗೂ ಸ್ವಲ್ಪ ಹೇಳಿಕೊಡು" ಎನ್ನೋಣ. ಹೇಳಿಕೊಡುವವನು ಆ ಒಂದು ಗಳಿಗೆಯಾದರೂ ರೋಗಿಯಲ್ಲ, ಉಸ್ತಾದ. ಆಟ ಮುಗಿದ ಮೇಲೆ, ಅದೇ ಸಲುಗೆಯಲ್ಲಿ, ಇವತ್ತಿನ ಮಾತ್ರೆಯ ಮಾತನ್ನೂ ತೆಗೆಯಬಹುದು.